ಮೀಟಿದ್ದು ಈಗ, ಕೇಳಿದ್ದು ಆಮ್ಯಾಲ

"ಅದೇನು ಲೇಟ್ ಬರಾಕತ್ತೈತಂತೋ ತಮ್ಮಾ? ರಾತ್ರಿ ಹನ್ನೊಂದಾದರೂ ಇವಂದು ಅದ ರಗಳಿ. ಲೇಟ್ ಬರಾಕತ್ತೈತಿ, ಲೇಟ್ ಬರಾಕತ್ತೈತಿ! ನಮ್ಮ ನೂಲ ಊರಾಗ ಎಸ್‌ಟಿ ಬಸ್ ಬಿಟ್ಟರ ಲೇಟ್ ಬರೂವಂಥಾದ್ದು ಮತ್ತೇನೈತಿ?"

ಬೇಲಿಯ ಮೇಲೆ ಒಣಹಾಕಿದ್ದ ಧೋತರ ಸರಿಸಿ, ಸಂದಿಯಲ್ಲಿ ಮುಖ ಇಟ್ಟು ಕಾಕಾ ಕೇಳಿದರು. ನಾವಿಬ್ಬರೂ ರಕ್ತಸಂಬಂಧಿಗಳಲ್ಲ, ಬೇಲಿಸಂಬಂಧಿಗಳು. ಅವರು ಸೋಮವಾರದ ಭಜನೆಗೆ ಪೇಟಿ ನುಡಿಸುವವರು. ನನ್ನದು ಮೈಕ್‌ಸೆಟ್ಟಿನ ಕಸಬು. ಲಗ್ನ, ಜಾತ್ರೆ, ಮಠದ ಪ್ರವಚನ, ಪಂಚಾಯ್ತಿ ಚುನಾವಣೆ, ಯಾವುದಕ್ಕೂ ಒಲ್ಲೆ ಅಂದವನಲ್ಲ. ಹೀಗಾಗಿ ಓಣಿಯಲ್ಲಿ ವೈರು ಇರುವ ಯಾವ ವಸ್ತು ಕೈಕೊಟ್ಟರೂ ಅದರ ಫಿರ್ಯಾದಿ ಬೇಲಿ ದಾಟಿ ನನ್ನ ಹಿತ್ತಲಿಗೇ ಬರುತ್ತದೆ.

ಈ ಸಲದ ಫಿರ್ಯಾದಿ ಮೊಮ್ಮಗನ ಮೇಲೆ. ಕೊಲ್ಹಾಪುರದಲ್ಲಿ ಕಾಲೇಜು ಓದುವ ಹುಡುಗ ರಜೆಗೆ ಬರುವಾಗ ಎಲೆಕ್ಟ್ರಿಕ್ ಗಿಟಾರು ತಂದಿದ್ದಾನೆ. ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಹೆಡ್‌ಫೋನ್ ಹಾಕಿಕೊಂಡು, ಕೋಣೆಯ ಬಾಗಿಲು ಮುಚ್ಚಿ ಕೂಡುತ್ತಾನೆ. ಹೊರಗಿನವರಿಗೆ ಕೇಳುವುದು ಬರೀ ಟಿಣ್ ಟಿಣ್.

"ಮಿರಜ ಇಲ್ಲೇ ಮಗ್ಗಲಾಗ ಐತಿ. ಸಿತಾರ ತರಬಹುದಿತ್ತು, ತಂಬೂರಿ ತರಬಹುದಿತ್ತು. ದುಡ್ಡು ಹಾಕಿದ್ದು ಈ ಹಲಿಗಿಗಿ. ಒಳಗ ಪೊಳ್ಳs ಇಲ್ಲ, ದನಿ ಎಲ್ಲಿಂದ ಬರಬೇಕು?"

ಕಾಕಾ ಸಿಟ್ಟಿನಲ್ಲಿ ಅಂದರೂ ಮಾತು ಖರೆ. ಮಿರಜದ ಸಿತಾರ-ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದನ್ನು ಪೇಪರಿನಲ್ಲಿ ಓದಿ ನನಗೆ ಎರಡೆರಡು ಸಲ ಹೇಳಿದ ಮನುಷ್ಯ. ಎಲೆಕ್ಟ್ರಿಕ್ ಗಿಟಾರು ನಿಜಕ್ಕೂ ಹಲಗೆಯೇ. ಅಮೆರಿಕದ ಲೆಸ್ ಪಾಲ್ ಎಂಬುವನು 1940ರ ಸುಮಾರಿಗೆ ಒಂದು ಚೌಕದ ತೊಲೆಗೆ ತಂತಿ ಬಿಗಿದು ನುಡಿಸಿದ, ಅದಕ್ಕೆ 'ದಿಮ್ಮಿ' ಅಂತಲೇ ಹೆಸರಿಟ್ಟ. ನೋಡಿದವರು ನಗಬಾರದೆಂದು ಅದರ ಎರಡೂ ಮಗ್ಗುಲಿಗೆ ಸಾದಾ ಗಿಟಾರಿನ ಮೈ ಅಂಟಿಸಿದ. ದನಿ ಹುಟ್ಟುವುದು ಮರದ ಪೊಳ್ಳಿನಲ್ಲಿ ಅಲ್ಲ, ತಂತಿಯ ಕೆಳಗೆ ಕೂತ ಪಿಕಪ್‌ನಲ್ಲಿ. ಅಯಸ್ಕಾಂತಕ್ಕೆ ಕೂದಲಿನಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ನಡುಗಿದರೆ ಕೆಳಗೆ ಸುರುಳಿಯಲ್ಲಿ ಸಣ್ಣ ಕರೆಂಟು ನಡುಗುತ್ತದೆ. ಅದನ್ನು ಆಂಪ್ಲಿಫೈಯರು ಎತ್ತಿಹಿಡಿದರೆ ಗಿಟಾರು, ಇಲ್ಲದಿದ್ದರೆ ಟಿಣ್ ಟಿಣ್.

"ನಮ್ಮ ಕಡೆ ವರಾತದಾಗ ಬ್ಯಾಂಜೋ ಪಾರ್ಟಿ ಬರತೈತಿ ನೋಡ್ರಿ ಕಾಕಾ, ಅದಕ್ಕೂ ಪಿಕಪ್ ಹಚ್ಚಿರತಾರ."

"ಅದು ನಮ್ಮ ದೇಶದ್ದು ಬಿಡೋ."

"ಅದರ ಮೂಲ ಜಪಾನಿಂದು. 1912ರಾಗ ನಗೋಯಾ ಅನ್ನೂ ಊರಾಗ ಟೈಪ್‌ರೈಟರಿನ ಗುಂಡಿ ಹಚ್ಚಿ ಒಬ್ಬಾಂವ ಮಾಡಿದ್ದು. ಇಲ್ಲಿ ಬಂದು ಬುಲ್‌ಬುಲ್ ತರಂಗ ಆತು, ನಾವು ಬ್ಯಾಂಜೋ ಅಂದಿವಿ."

ಕಾಕಾ ಸ್ವಲ್ಪ ಹೊತ್ತು ಸುಮ್ಮನಾದರು. ಅವರ ಲಗ್ನದ ವರಾತಕ್ಕೂ ಬ್ಯಾಂಜೋ ಇತ್ತಂತೆ.

ಹುಡುಗನ ತಕರಾರು ಏನೆಂದರೆ, ತಂತಿ ಮೀಟಿದ ಮೇಲೆ ಹೆಡ್‌ಫೋನಿನಲ್ಲಿ ದನಿ ಬರಲು ಹೊತ್ತು ಹಿಡಿಯುತ್ತದೆ. ಬೆರಳು ಮುಂದೆ, ದನಿ ಹಿಂದೆ. ಗಂಟೆಗಟ್ಟಲೆ ಅಲ್ಲ, ಸೆಕೆಂಡಿನ ಹತ್ತರಲ್ಲೊಂದು ಪಾಲು, ಎರಡು ಪಾಲು. ಅಷ್ಟಕ್ಕೇ ಈ ಪರಿ ಕೂಗಾಟವೇ ಅಂತ ಕಾಕಾನ ಪ್ರಶ್ನೆ. ನಾನು ಅವರ ಭಾಷೆಯಲ್ಲೇ ಲೆಕ್ಕ ಹಾಕಿ ತೋರಿಸಿದೆ. ದ್ರುತ್ ಲಯದಲ್ಲಿ ಕೆಹರವಾ ಹಿಡಿದರೆ ನಿಮಿಷಕ್ಕೆ 240 ಮಾತ್ರೆ ಅಂತ ಇಟ್ಟುಕೊಳ್ಳಿ. ಒಂದು ಮಾತ್ರೆಗೆ ಸೆಕೆಂಡಿನ ಕಾಲು ಭಾಗ, ಅಂದರೆ 250 ಮಿಲಿಸೆಕೆಂಡು. ಹುಡುಗನಿಗೆ ದನಿ 200 ಮಿಲಿಸೆಕೆಂಡು ತಡವಾಗಿ ಬಂದರೆ ಹೆಚ್ಚುಕಡಿಮೆ ಒಂದು ಮಾತ್ರೆ ಜಾರಿದಂತೆ.

"ಒಂದು ಮಾತ್ರಿ!" ಕಾಕಾ ಕಿವಿ ಮುಟ್ಟಿಕೊಂಡರು. "ತಬಲಾದಾಂವ ಹಂಗ ಮಾಡಿದ್ರ ಎಬ್ಬಿಸಿ ಕಳಸ್ತೇನಿ."

ಅಲ್ಲಿಂದ ಮಾತಿಗೆ ಬಿಸಿ ಬಂತು. ಕಂಪ್ಯೂಟರು ಅಷ್ಟು ಚುರುಕು ಅಂತಾರಲ್ಲ, ಕಣ್ಣು ಮಿಟುಕಿಸುವುದರೊಳಗೆ ಕೋಟಿ ಲೆಕ್ಕ ಮಾಡುವಂಥದ್ದು ಒಂದು ತಂತಿಯ ದನಿಗೆ ಯಾಕೆ ತಿಣುಕುತ್ತದೆ ಅಂತ ಕೇಳಿದರು. ಪ್ರಶ್ನೆ ಚೊಲೋ ಇತ್ತು.

"ಕಾಕಾ, ಸಂಕೇಶ್ವರಕ್ಕ ಹೋಗಾಕ ವಡಾಪ್ ಜೀಪಿನ್ಯಾಗ ಕುಂತೀರಿ ಅಂತ ತಿಳ್ಕೋರಿ. ನೀವು ಹತ್ತಿದ ಕೂಡಲೇ ಬಿಡ್ತಾನ?"

"ಎಲ್ಲಿ ಬಿಡ್ತಾನ? ಸೀಟ್ ತುಂಬೂ ತನಕ ಹಾರ್ನ್ ಹೊಡಕೋಂತ ನಿಂದರ್ತಾನ."

"ಕಂಪ್ಯೂಟರೂ ಹಂಗ ನಿಂದರತೈತಿ."

ಗಿಟಾರಿನಿಂದ ಬಂದ ಕರೆಂಟನ್ನು ಅದು ಸೆಕೆಂಡಿಗೆ 48,000 ಸಲ ಅಳೆದು, ಪ್ರತಿ ಅಳತೆಯನ್ನೂ ಒಂದು ಅಂಕಿ ಮಾಡುತ್ತದೆ. ಒಂದೊಂದು ಅಂಕಿ ಬಂದಾಗಲೂ ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ಬರುವುದು ಅದಕ್ಕೆ ಪೂರೈಸುವುದಿಲ್ಲ. ಅಂಕಿಗಳನ್ನು ಗಾಡಿಯಲ್ಲಿ ತುಂಬಿಸಿ, ಗಾಡಿ ತುಂಬಿದ ಮೇಲೆ ಒಮ್ಮೆಲೇ ಒಳಗೆ ಬಿಡುತ್ತದೆ. ಆ ಗಾಡಿಗೇ ಬಫರ್ ಅನ್ನುವುದು. 1,024 ಸೀಟಿನ ಗಾಡಿ ತುಂಬಲು 21 ಮಿಲಿಸೆಕೆಂಡು ಬೇಕು. ಒಳಗೆ ಹೋಗಲು ಒಂದು ಗಾಡಿ, ಹೊರಗೆ ಬರಲು ಇನ್ನೊಂದು. ಅಲ್ಲಿಗೆ 42 ಮೀರಿತು. ಅದೇ 128 ಸೀಟಿನ ಗಾಡಿಯಾದರೆ ಒಂದು ಕಡೆಗೆ ಮೂರಕ್ಕಿಂತ ಕಡಿಮೆ, ಎರಡೂ ಕಡೆ ಸೇರಿ ಐದೂ ಚಿಲ್ಲರೆ. ಅಳೆಯುವ ಚಿಪ್ಪು, ಮರಳಿ ದನಿ ಮಾಡುವ ಚಿಪ್ಪು, ಯುಎಸ್‌ಬಿ ದಾರಿ, ಇವೆಲ್ಲ ತಮ್ಮ ತಮ್ಮ ಪಾಲು ತೆಗೆದುಕೊಂಡರೂ ಹತ್ತರ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ.

"ಹಂಗಾದ್ರ ಒಂದ ಸೀಟಿಂದು ಮಾಡಿ ಬಿಡ್ರಿ. ಕಾಯೂದ ಬ್ಯಾಡ."

ಎಲ್ಲ ಹುಡುಗರೂ ಮೊದಲು ಮಾಡುವ ಹುಚ್ಚಾಟ ಇದೇ. ಗಾಡಿ ಸಣ್ಣದಾದಷ್ಟೂ ಖೇಪು ಹೆಚ್ಚಬೇಕು. 128 ಸೀಟಿಗೆ ಸೆಕೆಂಡಿಗೆ 375 ಖೇಪು, 32ಕ್ಕೆ ಇಳಿಸಿದರೆ ಒಂದೂವರೆ ಸಾವಿರ. ಪ್ರತಿ ಖೇಪಿಗೂ ಪ್ರೊಸೆಸರು ಹೊತ್ತಿಗೆ ಸರಿಯಾಗಿ ಹಾಜರಿರಬೇಕು. ಒಂದು ಖೇಪು ತಪ್ಪಿದರೂ ಗಾಡಿ ಖಾಲಿ ಹೋಗುತ್ತದೆ, ಹೆಡ್‌ಫೋನಿನಲ್ಲಿ ಚಟ್ ಅನ್ನುತ್ತದೆ. ಹತ್ತು ತಪ್ಪಿದರೆ ಒಗ್ಗರಣೆಯ ಸಾಸಿವೆ ಕೇಳುತ್ತದೆ. ಆದ್ದರಿಂದ 256ರಿಂದ ಶುರು ಮಾಡಿ, 128ಕ್ಕೆ ಇಳಿಸಿ, ಆಮೇಲೆ 64, ಚಟಪಟ ಕೇಳಿದ ಕೂಡಲೇ ಒಂದು ಮೆಟ್ಟಿಲು ಹಿಂದಕ್ಕೆ ಬರುವುದು. ಇದರಲ್ಲಿ ಜಾಣತನ ಏನೂ ಇಲ್ಲ, ಕಿವಿಗೊಟ್ಟು ಕೂಡುವ ಸೈರಣೆ ಬೇಕು, ಅಷ್ಟೇ.

ಚಟಪಟಕ್ಕೆ ಯಾವಾಗಲೂ ಬಫರೇ ಕಾರಣ ಅಂತಲೂ ಅಲ್ಲ. ವಿಂಡೋಸಿನ ಲ್ಯಾಪ್‌ಟಾಪುಗಳಲ್ಲಿ ವೈಫೈ ಡ್ರೈವರು ಆಗಾಗ ಪ್ರೊಸೆಸರಿನ ಕೊರಳಪಟ್ಟಿ ಹಿಡಿದುಕೊಳ್ಳುತ್ತದೆ, ಆ ಹೊತ್ತಿನಲ್ಲಿ ಬೇರೆ ಯಾರಿಗೂ ಅದು ಸಿಗುವುದಿಲ್ಲ. ನುಡಿಸುವಾಗ ವೈಫೈ ಬಂದ್ ಮಾಡಿದರೆ ಅರ್ಧ ಪೀಡೆ ಹೋಗುತ್ತದೆ. ಬ್ಯಾಟರಿ ಉಳಿಸಲಿಕ್ಕೆಂದು ಪ್ರೊಸೆಸರನ್ನು ತೂಕಡಿಸಲು ಬಿಡುವ ಸೆಟಿಂಗ್ ಇರುತ್ತದಲ್ಲ, ಅದನ್ನು ತೆಗೆದು ಪೂರ್ತಿ ಎಚ್ಚರವಿರುವ ಸೆಟಿಂಗಿಗೆ ಹಾಕಬೇಕು. ಇದರ ಜೊತೆಗೆ ಗುಂಯ್ ಅನ್ನುವುದು ಕೇಳಿದರೆ ಅದು ಬೇರೆ ರೋಗ, ಬಹಳ ಸಲ ಮನೆಯ ಅರ್ಥಿಂಗ್ ಇಲ್ಲದ್ದರ ಫಲ. ನೂಲದ ಎಷ್ಟು ಮನೆಗಳಲ್ಲಿ ಮೂರನೆಯ ಪಿನ್ನಿಗೆ ನೆಲದವರೆಗೆ ತಂತಿ ಹೋಗಿದೆ ಅಂತ ಕೇಳಬೇಡಿ, ಮೈಕ್‌ಸೆಟ್ಟಿನವನಿಗೆ ಹೊಟ್ಟೆ ಉರಿಯುತ್ತದೆ.

ಹುಡುಗನನ್ನು ಕರೆಸಿದೆ. ಲ್ಯಾಪ್‌ಟಾಪು ಎತ್ತಿಕೊಂಡೇ ಬೇಲಿಗೆ ಬಂದ. ಅವನ ಜೋಡಣೆ ನೋಡಿದರೆ ಗಿಟಾರಿನಿಂದ ಅಗ್ಗದ ಯುಎಸ್‌ಬಿ ಕೇಬಲ್, ಕಿವಿಗೆ ಬ್ಲೂಟೂತ್ ಹೆಡ್‌ಫೋನ್.

"ಮಾಮಾ, ಬಫರ್ 64ಕ್ಕ ಇಳಿಸೇನ್ರಿ. ಆದ್ರೂ ಲೇಟ್ ಐತಿ."

"ಕೊರಳಾಗಿನ ಬ್ಲೂಟೂತ್ ತಗಿಯೋ ಮೊದಲ."

ಬ್ಲೂಟೂತ್ ಹೆಡ್‌ಫೋನು ದನಿಯನ್ನು ಇದ್ದಹಾಗೆ ಕಳಿಸುವುದಿಲ್ಲ. ಅದನ್ನು ಹಿಂಡಿ ಸಣ್ಣದು ಮಾಡಿ, ಪುಡಿಕೆ ಕಟ್ಟಿ, ಗಾಳಿಯಲ್ಲಿ ಎಸೆದು, ಆ ಕಡೆ ಬಿಚ್ಚಿ ಹರಡುತ್ತದೆ. ನಡುವೆ ಒಂದು ಪುಡಿಕೆ ಕಳೆದುಹೋದರೂ ಹಾಡು ನಿಲ್ಲಬಾರದೆಂದು ಮುಂಗಡವಾಗಿ ಒಂದಿಷ್ಟು ಕೂಡಿಟ್ಟುಕೊಳ್ಳುತ್ತದೆ. ಹೀಗೆ ನೂರೈವತ್ತು, ಇನ್ನೂರು ಮಿಲಿಸೆಕೆಂಡು ಆರಾಮಾಗಿ ಹೋಗುತ್ತದೆ. ಸಿನೆಮಾ ನೋಡುವಾಗ ಫೋನು ಚಿತ್ರವನ್ನೂ ಅಷ್ಟೇ ತಡೆದು ತೋರಿಸಿ ತುಟಿ-ಮಾತು ಸರಿದೂಗಿಸುತ್ತದೆ, ಅದಕ್ಕೇ ನಮಗೆ ಗೊತ್ತಾಗುವುದಿಲ್ಲ. ಬೆರಳನ್ನು ಹಾಗೆ ತಡೆದು ತೋರಿಸಲು ಯಾವ ಫೋನಿಗೂ ಬರುವುದಿಲ್ಲ. ಇವನು ಬಫರಿನಲ್ಲಿ ಮೂರು-ನಾಲ್ಕು ಮಿಲಿಸೆಕೆಂಡು ಉಳಿಸಲು ರಾತ್ರಿಯಿಡೀ ಒದ್ದಾಡಿ, ಇನ್ನೂರನ್ನು ಕೊರಳಿಗೆ ಹಾಕಿಕೊಂಡು ಕೂತಿದ್ದ. ಸ್ಪೀಕರಿಗೂ ಇದೇ ಮಾತು. ಬ್ಲೂಟೂತ್ ಬಾರ್, ಟಿವಿಯ ಸ್ಪೀಕರು, ಇವು ಯಾವುವೂ ನುಡಿಸುವವನಿಗಲ್ಲ. ವೈರಿನ ಹೆಡ್‌ಫೋನಿಗೆ ಈಗಿನ ಹುಡುಗರಲ್ಲಿ ಮರ್ಯಾದೆ ಇಲ್ಲ, ಅದಕ್ಕೆ ಈ ಗತಿ.

ಇನ್ನೊಂದು ಕಿತಾಪತಿ ವಿಂಡೋಸಿನದೇ. ಅದರ ಸಾದಾ ದಾರಿಯಲ್ಲಿ ಯೂಟ್ಯೂಬಿನ ಹಾಡು, ಮೆಸೇಜಿನ ಟಿಂಗ್, ಗಿಟಾರು, ಎಲ್ಲವೂ ಒಂದೇ ಸ್ಟ್ಯಾಂಡಿಗೆ ಬಂದು, ಕಲಸಿಕೊಂಡು, ಬೇರೆ ಗಾಡಿ ಹತ್ತಿ ಹೋಗಬೇಕು. ಜರ್ಮನಿಯ ಹ್ಯಾಂಬರ್ಗಿನ ಸ್ಟೈನ್‌ಬರ್ಗ್ ಕಂಪನಿಯವರು ಇದರ ಕಾಟ ತಾಳದೆ 1997ರಲ್ಲಿ ಆಸಿಯೋ ಎಂಬ ಒಳದಾರಿ ತೆಗೆದರು. ಸಂಗೀತದ ಸಾಫ್ಟ್‌ವೇರು ಸ್ಟ್ಯಾಂಡಿಗೆ ಹೋಗದೆ ಸೀದಾ ಸೌಂಡ್ ಕಾರ್ಡಿನ ಜೊತೆ ಮಾತಾಡುವ ದಾರಿ. ಇಂದಿಗೂ ವಿಂಡೋಸಿನಲ್ಲಿ ನುಡಿಸುವವರು ಅದನ್ನೇ ಹಿಡಿಯುತ್ತಾರೆ. ಆಪಲ್ ಮ್ಯಾಕಿನಲ್ಲಿ ಕೋರ್ ಆಡಿಯೋ ಹುಟ್ಟಿನಿಂದಲೇ ಹದವಾಗಿದೆ, ಲಿನಕ್ಸಿನವರಿಗೆ ಪಾಲ್ ಡೇವಿಸ್ ಬರೆದ ಜ್ಯಾಕ್ ಇದೆ. ಸೌಂಡ್ ಕಾರ್ಡು ಮಾಡಿದವರೇ ಬರೆದ ಆಸಿಯೋ ಡ್ರೈವರು ಇದ್ದರೆ ಅದೇ ಉತ್ತಮ. ಇಲ್ಲದವರಿಗೆ ಆಸಿಯೋ-ಫಾರ್-ಆಲ್ ಎಂಬ ಪುಕ್ಕಟೆ ತೇಪೆ ಸಿಗುತ್ತದೆ. ತೇಪೆ ತೇಪೆಯೇ, ಆದರೂ ಹರಿದ ಅಂಗಿಗಿಂತ ವಾಸಿ. ಹುಡುಗನ ಅಗ್ಗದ ಕೇಬಲಿಗೆ ಸ್ವಂತ ಡ್ರೈವರೇ ಇರಲಿಲ್ಲ. ತೇಪೆ ಹಚ್ಚಿಸಿ, ಸದ್ಯಕ್ಕೆ ನನ್ನ ವೈರಿನ ಹೆಡ್‌ಫೋನು ಕೊಟ್ಟೆ.

"ಆತೇನು?" ಕಾಕಾ ಕೇಳಿದರು.

"ಭಾಳ ಫರಕ್ ಆತ್ರಿ ಮಾಮಾ," ಅಂದ ಹುಡುಗ. ನನ್ನ ಕಡೆ ನೋಡಿ ಅಂದ, ಅಜ್ಜನ ಕಡೆ ನೋಡಲಿಲ್ಲ. "ಆದ್ರೂ ಒಂಚೂರು ಐತ್ರಿ. ಪೂರಾ ಝೀರೋ ಮಾಡಾಕ ಬರೂದಿಲ್ಲೇನ್ರಿ?"

ನನಗೆ ಈ ಝೀರೋದ ಹುಚ್ಚು ಕಂಡರೆ ಆಗುವುದಿಲ್ಲ. ತಡ ಇಲ್ಲದ ದನಿ ಲೋಕದಲ್ಲಿ ಎಲ್ಲಿದೆ? ದನಿ ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರಿನ ಸುಮಾರು ನಡೆಯುತ್ತದೆ, ಒಂದು ಮೀಟರಿಗೆ ಮೂರು ಮಿಲಿಸೆಕೆಂಡು. ದೊಡ್ಡ ದೊಡ್ಡ ರಾಕ್ ಗಿಟಾರಿನವರು ಆಂಪ್ಲಿಫೈಯರನ್ನು ಬೆನ್ನ ಹಿಂದೆ ಮೂರು ಮೀಟರ್ ದೂರ ಇಟ್ಟು ನುಡಿಸಿದರು. ಅಲ್ಲಿಗೇ ಒಂಬತ್ತು ಮಿಲಿಸೆಕೆಂಡು ಹೋಯಿತು, ಯಾರೂ ತಕರಾರು ಎತ್ತಲಿಲ್ಲ. ಜಾತ್ರೆಯಲ್ಲಿ ಊರ ಆ ತುದಿಯ ಹಾರ್ನು ಮಾತು ಮುಗಿಸಿದ ಮೇಲೆ ಈ ತುದಿಯಲ್ಲಿ ಅದೇ ಮಾತು ಬಾಲದ ಹಾಗೆ ಬರುವುದನ್ನು ಕೇಳದವರು ಯಾರಿದ್ದಾರೆ? ಅದಕ್ಕೇ ದೊಡ್ಡ ಸಭೆಗಳಲ್ಲಿ ನಾವು ಹಿಂದಿನ ಸ್ಪೀಕರುಗಳಿಗೆ ಬೇಕೆಂದೇ ತಡ ಹಾಕುತ್ತೇವೆ. ವೇದಿಕೆಯಿಂದ 34 ಮೀಟರ್ ದೂರದ ಸ್ಪೀಕರಿಗೆ 100 ಮಿಲಿಸೆಕೆಂಡು ತಡ ಕೊಟ್ಟರೆ, ವೇದಿಕೆಯ ದನಿ ನಡೆದುಕೊಂಡು ಬರುವುದಕ್ಕೂ ಇದು ಬಾಯಿ ಬಿಡುವುದಕ್ಕೂ ಸರಿಹೋಗುತ್ತದೆ. ಗಣಪತಿ ವಿಸರ್ಜನೆಗೆ ಡಾಲ್ಬಿ ಅಂತ ಸ್ಪೀಕರಿನ ಗೋಡೆ ಕಟ್ಟುವ ಹುಡುಗರಿಗೆ ಈ ಲೆಕ್ಕ ಬೇಕಾಗಿಲ್ಲ. ಅಲ್ಲಿ ದನಿ ಕಿವಿಗೆ ಬರುವ ಮೊದಲು ಎದೆಗೆ ಬಂದಿರುತ್ತದೆ.

ಸಿನೆಮಾದವರಿಗೂ ಇದು ಹೊಸದಲ್ಲ. 1932ರಲ್ಲಿ ಪ್ರಭಾತದವರು ಕೊಲ್ಹಾಪುರದಲ್ಲೇ 'ಅಯೋಧ್ಯೇಚಾ ರಾಜಾ' ತೆಗೆದಾಗ ಹಿನ್ನೆಲೆ ಗಾಯನದ ರೂಢಿ ಇನ್ನೂ ಬಂದಿರಲಿಲ್ಲ. ಕ್ಯಾಮೆರಾ ಮುಂದೆ ನಿಂತವರೇ ಹಾಡಬೇಕು, ಆದ್ದರಿಂದ ತುಟಿ-ದನಿ ಹೊಂದಿಸುವ ತಾಪತ್ರಯವಿಲ್ಲ. ಆಮೇಲೆ ಮೊದಲೇ ಹಾಡು ಮುದ್ರಿಸಿ, ಸೆಟ್ಟಿನಲ್ಲಿ ಲೌಡ್‌ಸ್ಪೀಕರಿನಿಂದ ಕೇಳಿಸಿ ತುಟಿ ಆಡಿಸುವುದು ಬಂತು. ಸಿನೆಮಾದ ಒಂದು ಫ್ರೇಮು ಸೆಕೆಂಡಿನ 24ರಲ್ಲೊಂದು ಪಾಲು, ಅಷ್ಟರಲ್ಲಿ ದನಿ 14 ಮೀಟರ್ ನಡೆಯುತ್ತದೆ. ನಾಯಕಿ ಸ್ಪೀಕರಿನಿಂದ 14 ಮೀಟರ್ ದೂರ ಮರದ ಹಿಂದೆ ನಿಂತರೆ ಅವಳ ತುಟಿ ಹಾಡಿಗಿಂತ ಒಂದು ಫ್ರೇಮು ಹಿಂದೆ ಬಿದ್ದಂತೆಯೇ.

ಈ ಮಾತು ಮುಗಿಯುವುದನ್ನೇ ಕಾಯುತ್ತಿದ್ದ ಕಾಕಾ ಕೈ ಎತ್ತಿದರು. "ತಮ್ಮಾ, ನನ್ನ ಪೇಟಿ ಖರ್ಜದಾಗ ಒಂದೀಟು ತಡಾ ಮಾಡೇ ಮಾತಾಡತೈತಿ. ದಪ್ಪ ಸ್ವರದ ಪತ್ತಿ ಗಾಳಿ ಹಿಡದು ಏಳಬೇಕಲ್ಲ. ಅದಕ್ಕ ನಾ ಬೆರಳು ಮೊದಲs ಇಟ್ಟಿರ್ತೇನಿ."

ನಾನು ಹುಡುಗನ ಮುಖ ನೋಡಿದೆ. ಲ್ಯಾಪ್‌ಟಾಪಿನ ಮುಂದೆ ಕೂತು ಅವನು ಹುಡುಕುತ್ತಿದ್ದ ಸಂಗತಿ ಅಜ್ಜನ ಕೈಯಲ್ಲೇ ಇತ್ತು. ತಡ ಒಂದೇ ಸಮ ಇದ್ದರೆ ಬೆರಳು ಅದನ್ನು ಕಲಿತುಬಿಡುತ್ತದೆ. ಇಗರ್ಜಿಯ ದೊಡ್ಡ ಕೊಳವೆ ಆರ್ಗನ್ ನುಡಿಸುವವರೂ ಹೀಗೆಯೇ, ಕೊಳವೆ ಎಲ್ಲೋ ಎತ್ತರದಲ್ಲಿ, ಕೀಲಿಮಣೆ ಎಲ್ಲೋ ಕೆಳಗೆ. ಬೆರಳಿಗೆ ತಾಳಲಾಗದ್ದು ಏರಿಳಿಯುವ ತಡ, ಒಮ್ಮೆ ಎಂಟು, ಮತ್ತೊಮ್ಮೆ ಇಪ್ಪತ್ತು. ಆದ್ದರಿಂದ 64ರಲ್ಲಿ ಆಗಾಗ ಮುಗ್ಗರಿಸುವ ಲ್ಯಾಪ್‌ಟಾಪಿಗಿಂತ 128ರಲ್ಲಿ ನಿವಾಂತ ನಡೆಯುವುದನ್ನೇ ನಾನು ಮೆಚ್ಚುತ್ತೇನೆ. ಗಿಟಾರಿಗೆ ಪೇಟಿಯಷ್ಟು ರಿಯಾಯಿತಿ ಇಲ್ಲ ಅನ್ನುವುದೂ ಖರೆ. ಪೇಟಿಯ ಸ್ವರ ಉಬ್ಬಿಕೊಂಡು ಏಳುತ್ತದೆ, ಗಿಟಾರಿನದು ಚಿಮ್ಮುತ್ತದೆ, ಚಿಮ್ಮುವ ದನಿಯಲ್ಲಿ ತಡ ಚುಚ್ಚುತ್ತದೆ. ನನ್ನ ಕಿವಿ ಕೇಳಿದರೆ ಹತ್ತು ಮಿಲಿಸೆಕೆಂಡಿನ ಒಳಗೆ ಯಾರಿಗೂ ದೂರಲು ಕಾರಣವಿಲ್ಲ, ಇಪ್ಪತ್ತರಲ್ಲಿ ಬೆರಳು ಗೊಣಗುತ್ತದೆ, ನಲವತ್ತರಲ್ಲಿ ಲಯ ಬಿಟ್ಟುಹೋಗುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕ್ರಿಸ್ ಚೇಫ್ ಎಂಬುವರು ಇಬ್ಬಿಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂಡಿಸಿ, ನಡುವಿನ ತಡವನ್ನು ಹೆಚ್ಚುಕಡಿಮೆ ಮಾಡುತ್ತ ಚಪ್ಪಾಳೆ ತಟ್ಟಿಸಿ ನೋಡಿದರು. ತಡ ಹೆಚ್ಚಾದಾಗ ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತ ಲಯ ಎಳೆದರು. ಅದು ಎಲ್ಲರೂ ಊಹಿಸುವಂಥದ್ದೇ. ಮಜಾ ಏನೆಂದರೆ ತಡ ತೀರ ಕಡಿಮೆಯಾದಾಗ ಇಬ್ಬರೂ ಮುಂದೆ ಮುಂದೆ ಓಡಿದರು. ಲಯ ನೆಟ್ಟಗೆ ನಿಂತದ್ದು ಹನ್ನೊಂದು-ಹನ್ನೆರಡು ಮಿಲಿಸೆಕೆಂಡಿನ ಸುಮಾರಿಗೆ, ಅಂದರೆ ನಾಲ್ಕು ಮೀಟರ್ ದೂರ ಕೂತ ಹಾಗೆ.

"ಭಜನ್ಯಾಗ ನಾನೂ ತಾಳದವರೂ ಅಷ್ಟ ದೂರ ಕೂಡ್ತೇವಿ," ಅಂದರು ಕಾಕಾ, ಇದನ್ನು ತಾವೇ ಕಂಡುಹಿಡಿದ ಹಾಗೆ.

ಹುಡುಗ ಇನ್ನೊಂದು ಕಡೆ ಗಂಟು ಹಾಕಿಕೊಂಡಿದ್ದ. ಗಿಟಾರಿನ ದನಿ ಬಣ್ಣಗಟ್ಟಲು ಕಂಪ್ಯೂಟರಿನೊಳಗೆ ಪ್ಲಗಿನ್ ಎಂಬ ಪುಡಿ ಸಾಫ್ಟ್‌ವೇರುಗಳನ್ನು ಸಾಲಾಗಿ ಹಚ್ಚಿದ್ದ. ಆಂಪ್ಲಿಫೈಯರಿನ ನಕಲು ಮಾಡುವಂಥವು ಸಾಮಾನ್ಯವಾಗಿ ಹೊತ್ತು ತಿನ್ನುವುದಿಲ್ಲ. ಆದರೆ ಕೊನೆಯಲ್ಲಿ ಅವನು ಹಚ್ಚಿದ್ದ ಲಿಮಿಟರು ಮುಂದೆ ಬರುವ ದನಿಯನ್ನು ಮೊದಲೇ ಇಣುಕಿ ನೋಡಿ ಹದ ಮಾಡುವ ಜಾತಿಯದು. ಮುಂದಿನದನ್ನು ಇಣುಕಬೇಕಾದರೆ ಈಗಿನದನ್ನು ತಡೆದು ಹಿಡಿಯಲೇಬೇಕು, ಬೇರೆ ಮಾಯೆ ಇಲ್ಲ. ಲೀನಿಯರ್ ಫೇಸ್ ಈಕ್ವಲೈಸರೂ ಇದೇ ಜಾತಿಯ ಸೋಮಾರಿ. ಇವೆಲ್ಲ ಮುದ್ರಣ ಮುಗಿದ ಮೇಲೆ, ದೊಡ್ಡ ಬಫರು ಇಟ್ಟುಕೊಂಡು ನಿಧಾನ ಹಚ್ಚುವ ಸಾಮಾನು. ನುಡಿಸುವಾಗ ಗಿಟಾರು, ಒಂದು ಆಂಪ್ಲಿಫೈಯರಿನ ನಕಲು, ಸಾಕು. ಹಿಂದೆ ಹತ್ತು ಟ್ರ್ಯಾಕು ಓಡುತ್ತಿದ್ದರೆ ಅವನ್ನು ಫ್ರೀಜ್ ಮಾಡಿದರೆ ಪ್ರೊಸೆಸರಿಗೆ ಉಸಿರು ಬರುತ್ತದೆ.

ಅದೇ ಸಾಲಿನಲ್ಲಿ ನಡುವೆ ಒಂದು ಡಿಲೇ ಎಫೆಕ್ಟು ಕಂಡಿತು. 350 ಮಿಲಿಸೆಕೆಂಡಿಗೆ ಇಟ್ಟಿದ್ದ.

"ಇದು ಯಾಕೋ?"

"ಸೋಲೋಕ್ಕ ಬೇಕ್ರಿ ಮಾಮಾ. ಅದಿಲ್ದಿದ್ರ ದನಿ ಒಣ ಒಣ."

ಕಾಕಾಗೆ ಇದನ್ನು ಬಿಡಿಸಿ ಹೇಳಿದಾಗ ಅವರು ನಕ್ಕು ನಕ್ಕು ಬೇಲಿ ಹಿಡಿದುಕೊಂಡರು. ಹುಡುಗ ಐದು ಮಿಲಿಸೆಕೆಂಡು ತಡ ತೆಗೆಯಲು ನಿದ್ದೆಗೆಡುತ್ತಾನೆ, ಮುನ್ನೂರೈವತ್ತರ ತಡವನ್ನು ತಾನೇ ಹಾಕಿಕೊಳ್ಳುತ್ತಾನೆ. ಆದರೆ ಅದರಲ್ಲಿ ವಿರೋಧವಿಲ್ಲ. ಮೂಲ ದನಿ ಬೆರಳಿನ ಜೊತೆಗೇ ಬರಬೇಕು, ಪ್ರತಿಧ್ವನಿ ಬೇಕಾದರೆ ಆಮೇಲೆ ನಿಧಾನ ಬರಲಿ. 1974ರಲ್ಲಿ ಜಪಾನಿನ ರೋಲಾಂಡ್ ಕಂಪನಿಯವರು ಮಾರಿದ ಸ್ಪೇಸ್ ಎಕೋ ಎಂಬ ಪೆಟ್ಟಿಗೆಯಲ್ಲಿ ಟೇಪು ಸುತ್ತಿ ಸುತ್ತಿ ಇಂಥ ಪ್ರತಿಧ್ವನಿ ಹುಟ್ಟಿಸುತ್ತಿದ್ದರು. ಈಗ ಅದೂ ಲ್ಯಾಪ್‌ಟಾಪಿನೊಳಗೆ ಹೊಕ್ಕಿದೆ.

ಇಷ್ಟೆಲ್ಲ ಆದಮೇಲೆ ಕಾಕಾ ಮೂಲಕ್ಕೇ ಕೈ ಹಾಕಿದರು. "ಅಲ್ಲೋ, ಮೊನ್ನಿ ಇವ ನುಡಿಸಿದ್ದು ರೆಕಾರ್ಡ್ ಮಾಡಿ ನಂಗ ಕೇಳಿಸಿದ. ಅದರಾಗ ಏನೂ ತಡಾ ಇರಲಿಲ್ಲ. ತಾಳಕ್ಕ ಸರಿಯಾಗೇ ಇತ್ತು. ಮತ್ತ ಇಷ್ಟು ರಗಳಿ ಯಾಕ?"

ಅದೇ ನೋಡಿ ಈ ರೋಗದ ವಿಚಿತ್ರ. ಬೇರೆ ಯಾವ ಬೇಸೂರನ್ನೂ ಕೇಳುವವರು ಹಿಡಿಯುತ್ತಾರೆ, ನುಡಿಸುವವನಿಗೆ ಗೊತ್ತಿರುವುದಿಲ್ಲ. ಇದು ಉಲ್ಟಾ. ಕಂಪ್ಯೂಟರಿಗೆ ತಾನು ಎಷ್ಟು ತಡ ಮಾಡುತ್ತೇನೆಂಬ ಲೆಕ್ಕ ಗೊತ್ತಿರುವುದರಿಂದ ಮುದ್ರಿಸಿದ ದನಿಯನ್ನು ಅಷ್ಟೇ ಹಿಂದಕ್ಕೆ ಸರಿಸಿ ತಾಳದ ಜೊತೆ ಕೂಡಿಸಿಡುತ್ತದೆ. ಕೇಳುವವರ ಪಾಲಿಗೆ ತಡ ಇಲ್ಲವೇ ಇಲ್ಲ. ನುಡಿಸುವವನ ಬೆರಳಿಗೆ ಮಾತ್ರ ಅದು ಕಾಣುತ್ತದೆ, ಅವನು ಎಷ್ಟು ಅಂದರೂ ಮನೆಯವರಿಗೆ ಅದು ಹುಚ್ಚು. ಹುಡುಗ ಮೊದಲ ಸಲ ಅಜ್ಜನ ಕಡೆ ನೋಡಿ, "ಅದನ್ನs ಹೇಳಾಕತ್ತೇನಿ ಅಜ್ಜಾ ನಾನು," ಅಂದ.

ಕಂಪ್ಯೂಟರಿನ ಆ ಲೆಕ್ಕವೂ ಕೆಲವು ಸಲ ತಪ್ಪಿರುತ್ತದೆ, ಅಗ್ಗದ ಕೇಬಲುಗಳು ತಮ್ಮ ತಡವನ್ನು ಖರೆ ಹೇಳುವುದಿಲ್ಲ. ಪರೀಕ್ಷೆ ಸುಲಭ. ಸೌಂಡ್ ಕಾರ್ಡಿನ ಹೊರಬಾಗಿಲಿನಿಂದ ಒಳಬಾಗಿಲಿಗೆ ಒಂದು ವೈರು ಕೊಟ್ಟು, ಟಕ್ ಅನ್ನುವ ದನಿ ಹೊರಗೆ ಬಿಟ್ಟು ಮರಳಿ ಮುದ್ರಿಸುವುದು. ಎರಡು ಟಕ್‌ಗಳ ನಡುವಿನ ಅಂತರ ಅಳೆದು ಸಾಫ್ಟ್‌ವೇರಿನಲ್ಲಿ ತಿದ್ದುವುದು. ಅವನ ಕೇಬಲಿಗೆ ಹೊರಬಾಗಿಲೇ ಇರಲಿಲ್ಲ, ಆದ್ದರಿಂದ ಹೆಡ್‌ಫೋನನ್ನು ಪಿಕಪ್ಪಿನ ಹತ್ತಿರ ಹಿಡಿದು ಟಕ್ ಅನ್ನಿಸಿದೆವು. ಹೆಡ್‌ಫೋನಿನಲ್ಲೂ ಅಯಸ್ಕಾಂತ, ಸುರುಳಿ ಇರುವುದರಿಂದ ಪಿಕಪ್ಪು ಅದನ್ನು ಹಿಡಿದುಕೊಂಡಿತು.

ಬೆಂಗಳೂರಿನಲ್ಲಿರುವ ಗೆಳೆಯನ ಜೊತೆ ಇಂಟರ್ನೆಟ್ಟಿನ ಮೇಲೆ ಕೂಡಿ ನುಡಿಸಬೇಕೆಂಬ ಆಸೆಯೂ ಹುಡುಗನಿಗಿದೆ. ಬೆಳಕು ಗಾಜಿನ ಎಳೆಯಲ್ಲಿ ಮಿಲಿಸೆಕೆಂಡಿಗೆ 200 ಕಿಲೋಮೀಟರ್ ಓಡುತ್ತದೆ. ಅಷ್ಟೇ ಲೆಕ್ಕವಾದರೆ ಬೆಂಗಳೂರು ಮೂರು-ನಾಲ್ಕು ಮಿಲಿಸೆಕೆಂಡಿನ ದಾರಿ, ನಮ್ಮ ಭಜನೆಯ ಎರಡು ಸಾಲಿನ ನಡುವಿನಷ್ಟು. ಆದರೆ ಎಳೆ ನೆಟ್ಟಗೆ ಹೋಗುವುದಿಲ್ಲ, ಊರೂರಿನ ಪೆಟ್ಟಿಗೆಗಳಲ್ಲಿ ಇಳಿದು ಹತ್ತಿ ಹೋಗುತ್ತದೆ, ಎರಡೂ ಮನೆಯ ಬಫರುಗಳು ಬೇರೆ. ಜಮುಲಸ್, ಜ್ಯಾಕ್‌ಟ್ರಿಪ್ ಅಂತ ಇದಕ್ಕೆಂದೇ ಮಾಡಿದ ಸಾಫ್ಟ್‌ವೇರುಗಳಿವೆ, ವೈಫೈ ಬಿಟ್ಟು ವೈರಿನ ನೆಟ್ಟು ಇದ್ದರೆ ವಿಲಂಬಿತ್ ಲಯದಲ್ಲಿ ನಡೆಯುತ್ತದೆ. ಅಮೆರಿಕದಲ್ಲಿರುವ ಮಕ್ಕಳಿಗೆ ಧಾರವಾಡದಿಂದ ಪಾಠ ಹೇಳುವ ಗುರುಗಳು ಮಾತ್ರ ಒಬ್ಬರು ಹಾಡಿ ನಿಲ್ಲಿಸಿ, ಇನ್ನೊಬ್ಬರು ಹಾಡುವ ಪದ್ಧತಿಗೇ ಅಂಟಿಕೊಳ್ಳಬೇಕು. 13,000 ಕಿಲೋಮೀಟರಿಗೆ ಬೆಳಕೇ 65 ಮಿಲಿಸೆಕೆಂಡು ಕೇಳುತ್ತದೆ, ಅದರ ಜೊತೆ ಚೌಕಾಶಿ ನಡೆಯುವುದಿಲ್ಲ.

"ಈಗ ಖರ್ಚಿನ ಮಾತು ಹೇಳು," ಅಂದರು ಕಾಕಾ. ರೈತ ಮನುಷ್ಯ, ಇಷ್ಟು ಹೊತ್ತು ತಡೆದದ್ದೇ ಹೆಚ್ಚು.

ಸ್ವಂತ ಆಸಿಯೋ ಡ್ರೈವರು ಇರುವ ಸಣ್ಣ ಆಡಿಯೋ ಇಂಟರ್‌ಫೇಸು ಐದಾರು ಸಾವಿರದಿಂದ ಶುರು. ಕೊಳ್ಳುವಾಗ ಅದರಲ್ಲಿ ಗಿಟಾರಿಗೆಂದೇ ಬೇರೆ ಇನ್‌ಪುಟ್ ಇದೆಯೇ ನೋಡಬೇಕು, ಪಿಕಪ್ಪಿನ ಕರೆಂಟು ಬಹಳ ನಾಜೂಕು, ಹತ್ತು ಲಕ್ಷ ಓಮಿನ ಸುಮಾರು ತಡೆ ಇರುವ ಬಾಗಿಲು ಬೇಕು, ಇಲ್ಲದಿದ್ದರೆ ದನಿಯ ಮೊನೆ ಮುರಿಯುತ್ತದೆ. ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇದ್ದರೆ ಕಾಕಾನ ಭಜನೆಗೂ ಬಂತು. ಅದನ್ನು ಒತ್ತಿದರೆ ಹಾಡುವವರ ದನಿ ಕಂಪ್ಯೂಟರಿನ ಒಳಗೆ ಹೋಗಿ ಬರುವುದನ್ನು ಕಾಯದೆ ಸೀದಾ ಕಿವಿಗೆ ಬರುತ್ತದೆ, ಪಕ್ಕದಲ್ಲಿ ಮುದ್ರಣ ನಡೆಯುತ್ತಿರುತ್ತದೆ. ಗಿಟಾರಿನವನಿಗೆ ಅದರಿಂದ ಅರ್ಧ ಉಪಯೋಗ, ಯಾಕೆಂದರೆ ಅವನಿಗೆ ಬೇಕಾದ ಬಣ್ಣ ಕಂಪ್ಯೂಟರಿನ ಒಳಗಿದೆ, ಸೀದಾ ಬರುವುದು ಒಣ ದನಿ. ಪೇಟಿಗೆ, ಕೊರಳಿಗೆ ಅದು ಭೇಷ್.

"ಅಂದ್ರ ನಮ್ಮ ಭಜನಿನೂ ಮುದ್ರಣ ಮಾಡಾಕ ಬರತೈತಿ?"

"ಬರತೈತ್ರಿ. ಎರಡು ಮೈಕ್ ನಾ ಕೊಡ್ತೇನಿ."

ಕಾಕಾ ಧೋತರ ಮಡಚಿ ಹೆಗಲಿಗೆ ಹಾಕಿಕೊಂಡು ಲೆಕ್ಕ ಹಾಕಿದರು. ಕಬ್ಬು ಕಾರ್ಖಾನೆಗೆ ಹೋಗಿ ತಿಂಗಳ ಮೇಲಾಗಿದೆ. ಕಾಯ್ದೆಯಲ್ಲಿ 14 ದಿನದೊಳಗೆ ಬಿಲ್ಲು ಕೊಡಬೇಕು ಅಂತಿದೆ.

"ವೈರಿನ ಹೆಡ್‌ಫೋನು ನಾಳಿ ಸಂತ್ಯಾಗ ತರ್ಲಿ," ಅಂದರು. "ಆ ಇಂಟರ್‌ಫೇಸಿನ ಡಬ್ಬಿ ಕಬ್ಬಿನ ಬಿಲ್ಲು ಬಂದ ಮ್ಯಾಲ."

"ಮಾಮಾ, ಬಿಲ್ಲಿನ ಬಫರ್ ಎಷ್ಟೈತ್ರಿ?" ಅಂದ ಹುಡುಗ.